ಮುತ್ತಜ್ಜನನ್ನು ಆಮೇಲೆ ಹುಡುಕಿ, ಮೊದಲು ಬೋಟು

ಪ್ರಶ್ನೆ: ನಾನು ಮಲ್ಪೆ ಕಡೆಯವಳು. ಮದುವೆಯಾಗಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಗಂಡನ ಮನೆಯವರು ಮೂಲತಃ ಗ್ರಿಮ್ಸ್‌ಬಿಯವರು. ಗಂಡನ ಮುತ್ತಜ್ಜ ಅಲ್ಲಿ ಮೀನುಗಾರಿಕೆ ಬೋಟಿನಲ್ಲಿದ್ದರು. 1917ರಲ್ಲಿ ಕಡಲಿಗೆ ಹೋದವರು ಬೋಟು ಸಮೇತ ವಾಪಸ್ ಬರಲೇ ಇಲ್ಲವಂತೆ. ಜರ್ಮನ್ ಸಬ್‌ಮರೀನ್ ಮುಳುಗಿಸಿತು ಎಂದು ಅತ್ತೆ ಹೇಳುತ್ತಾರೆ. ಅವರ ಅಣ್ಣ ಮಾತ್ರ ಮೈನ್ (ಕಡಲಲ್ಲಿ ಇಡುವ ಸ್ಫೋಟಕ) ತಗುಲಿತು ಎನ್ನುತ್ತಾರೆ. ನಮ್ಮ ಹತ್ತಿರ ಬೋಟಿನ ಹೆಸರಿದೆ. ಜೊತೆಗೆ ಒಂದು ಹಳೇ ಫೋಟೋ, ಒಂದು ಕಂಚಿನ ಪದಕ. ಫೋಟೋದಲ್ಲಿ ಬೋಟಿನ ಮುಂಭಾಗದಲ್ಲಿ ‘ಜಿವೈ’ ಎಂದು ಕಾಣುತ್ತದೆ, ಮುಂದಿನ ನಂಬರ್ ಅರ್ಧ ಮಾಸಿದೆ. ಇಂಟರ್‌ನೆಟ್‌ನಲ್ಲಿ ಮುತ್ತಜ್ಜನ ಹೆಸರು ಹಾಕಿದರೆ ಅದೇ ಹೆಸರಿನ ನೂರಾರು ಜನ ಬರುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಬೋಟಿನಿಂದ ಶುರು ಮಾಡಿ. ನಿಮ್ಮ ಯಜಮಾನರ ಮುತ್ತಜ್ಜನ ಬಗ್ಗೆ ಆ ಕಾಲದ ಸರ್ಕಾರ ಬರೆದಿಟ್ಟಿದ್ದು ಕಡಿಮೆ. ಅವರು ಹೋದ ಬೋಟಿನ ಬಗ್ಗೆ ಬರೆದಿಟ್ಟಿದ್ದು ಜಾಸ್ತಿ. ಬೋಟಿಗೆ ಮಾಲೀಕ ಇದ್ದ, ಅದರ ಮೇಲೆ ಸಾಲ ಇರುತ್ತಿತ್ತು, ವಿಮೆ ಇರುತ್ತಿತ್ತು. ದುಡ್ಡು ಇದ್ದ ಕಡೆ ಕಾಗದ ಇರುತ್ತದೆ, ಅಲ್ವಾ? ಬೋಟಿನ ಕಾಗದ ಕೈಗೆ ಬಂದರೆ ಅದರೊಳಗಿನ ಜನರ ಹೆಸರು ತಾನಾಗಿ ಬರುತ್ತದೆ. ಹೆಸರಿನಿಂದ ಹೊರಟವರು ಹೆಚ್ಚಾಗಿ ಬೇರೆ ಯಾರದೋ ಮುತ್ತಜ್ಜನ ಮನೆ ತಲುಪುತ್ತಾರೆ. (ನೀವು ಬರೆದ ಬೋಟಿನ ಹೆಸರು, ಮನೆತನದ ಹೆಸರು ಎರಡನ್ನೂ ಇಲ್ಲಿ ಬಿಟ್ಟಿದ್ದೇನೆ.)

ಮಲ್ಪೆಯ ಬೋಟಿನ ಮೇಲೆ ‘ಕೆಎ 02’ ಇರುವುದನ್ನು ನೋಡಿ ಬೆಳೆದವರು ನೀವು. ಜಿವೈ ಕೂಡ ಅಂಥದ್ದೇ, ಗ್ರಿಮ್ಸ್‌ಬಿ ಬಂದರಿನ ಗುರುತು. ಹಲ್ ಬಂದರಿಗೆ ಎಚ್, ಲೋಸ್ಟಾಫ್ಟ್‌ಗೆ ಎಲ್‌ಟಿ, ಸ್ಕಾರ್ಬರೋಗೆ ಎಸ್‌ಎಚ್, ಅಬರ್ಡೀನ್‌ಗೆ ಎ. ಆದರೆ ಈ ನಂಬರನ್ನು ಪೂರ್ತಿ ನಂಬಬೇಡಿ. ಬೋಟು ಮುಳುಗಿದರೆ, ಇಲ್ಲವೇ ಬೇರೆ ಬಂದರಿಗೆ ಮಾರಾಟವಾದರೆ, ಅದೇ ನಂಬರನ್ನು ಇನ್ನೊಂದು ಬೋಟಿಗೆ ಕೊಡುತ್ತಿದ್ದರು. ಹೆಸರಿನ ಕಥೆಯೂ ಹೀಗೆಯೇ. ಒಂದೇ ಹೆಸರಿನ ಬೋಟುಗಳು ಒಂದೇ ಸಮಯದಲ್ಲಿ ಮೂರು ನಾಲ್ಕು ಬಂದರುಗಳಲ್ಲಿ ಇರುತ್ತಿದ್ದವು.

ನಿಮಗೆ ಬೇಕಾದದ್ದು ‘ಅಫಿಶಿಯಲ್ ನಂಬರ್’. ಹಡಗು ರಿಜಿಸ್ಟರಿಗೆ ಸೇರಿದ ಪ್ರತಿ ಬೋಟಿಗೂ ಒಂದು ಕೊಡುತ್ತಿದ್ದರು, ಗ್ರಿಮ್ಸ್‌ಬಿಯ ಸ್ಟೀಮ್ ಟ್ರಾಲರುಗಳಿಗೂ (ತಳದಲ್ಲಿ ಬಲೆ ಎಳೆಯುವ ಉಗಿಬೋಟುಗಳು) ಇತ್ತು. ಅದನ್ನು ಬೋಟಿನ ಮುಖ್ಯ ತೊಲೆಯ ಮೇಲೆ ಕೆತ್ತಬೇಕಿತ್ತು. ಬೋಟಿನ ಹೆಸರು, ಮಾಲೀಕ, ಬಂದರು ಯಾವುದು ಬದಲಾದರೂ ಆ ನಂಬರ್ ಬದಲಾಗುತ್ತಿರಲಿಲ್ಲ. ಒಮ್ಮೆ ಕೊಟ್ಟದ್ದನ್ನು ಇನ್ನೊಂದಕ್ಕೆ ಕೊಡುತ್ತಲೂ ಇರಲಿಲ್ಲ. ಜಿವೈ ನಂಬರ್ ಗಾಡಿಯ ನಂಬರ್ ಪ್ಲೇಟ್ ಆದರೆ, ಇದು ಚಾಸಿಸ್ ನಂಬರ್. ಹುಡುಕುವುದು ಸುಲಭ. ‘ಮರ್ಕೆಂಟೈಲ್ ನೇವಿ ಲಿಸ್ಟ್’ ಎಂಬ ವಾರ್ಷಿಕ ಪಟ್ಟಿಯಲ್ಲಿ ಇರುತ್ತದೆ. ಅದರ ಪುಟಗಳನ್ನು ಬ್ರಿಟನ್ನಿನ ಕ್ರೂ ಲಿಸ್ಟ್ ಇಂಡೆಕ್ಸ್ ಪ್ರಾಜೆಕ್ಟ್‌ನ ಸ್ವಯಂಸೇವಕರು ಉಚಿತವಾಗಿ ನೋಡಲು ಹಾಕಿದ್ದಾರೆ. ಬೋಟಿನ ಹೆಸರು ಮತ್ತು ಗ್ರಿಮ್ಸ್‌ಬಿ ಎರಡನ್ನೂ ಸೇರಿಸಿ ನೋಡಿ. ಕಟ್ಟಿದ ವರ್ಷ ಮತ್ತು ಅಳತೆಯನ್ನು ಫೋಟೋದ ಬೋಟಿಗೆ ಹೋಲಿಸಿ. ಹೊಗೆ ಕೊಳವೆ ಇದೆಯೋ, ಬರೀ ಹಾಯಿಯೋ ಎಂಬುದೊಂದರಿಂದಲೇ ಅರ್ಧ ಗೊಂದಲ ಹೋಗುತ್ತದೆ. ಕೊಳವೆ ಇದ್ದರೆ ಅದರ ಮೇಲಿನ ಪಟ್ಟಿ, ಚಿಹ್ನೆಗಳನ್ನೂ ನೋಡಿ. ಅವು ಮಾಲೀಕರ ಕಂಪನಿಯ ಗುರುತು.

ನಂಬರ್ ಸಿಕ್ಕ ಮೇಲೆ ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ‘ಬಿಟಿ 110’ ಎಂಬ ಸಾಲಿನ ಕಡತ ಕೇಳಿ. ಬೋಟಿನ ರಿಜಿಸ್ಟರ್ ಮುಚ್ಚಿದಾಗ ಅದರ ಕಾಗದಗಳೆಲ್ಲ ಇಲ್ಲಿಗೆ ಸೇರುತ್ತಿದ್ದವು. ಯಾರು ಕಟ್ಟಿಸಿದರು, ಯಾರಿಗೆ ಮಾರಿದರು ಎಂಬ ವಿವರದ ಜೊತೆ, ಏಕೆ ಮುಚ್ಚಿದರು ಎಂಬ ಷರಾ ಇರುತ್ತದೆ. ಒಂದು ಸಾಲಿನ ಷರಾ ಅಷ್ಟೇ. ಆದರೆ ‘ಮೈನ್‌ನಿಂದ ನಷ್ಟ’ ಎಂದು ಬರೆದಿದೆಯೋ, ‘ಇಂಥ ದಿನ ಹೊರಟದ್ದು ಮತ್ತೆ ಸುದ್ದಿಯಿಲ್ಲ’ ಎಂದು ಬರೆದಿದೆಯೋ ಎಂಬುದು ನಿಮ್ಮ ಮನೆಯ ವಾದಕ್ಕೆ ಬಹಳ ಮುಖ್ಯ.

ಇನ್ನು ಬಹಳ ಜನ ಎಡವುವ ಜಾಗಕ್ಕೆ ಬರೋಣ. ಮುಳುಗಿದ ದಿನ ಬೋಟು ಯಾರ ಕೈಯಲ್ಲಿತ್ತು? ಮೀನು ಹಿಡಿಯುತ್ತಿತ್ತೋ, ನೌಕಾಪಡೆಯ ಕೆಲಸದಲ್ಲಿತ್ತೋ? ಇದೊಂದು ತಿಳಿಯದೆ ಮುಂದೆ ಹೋದರೆ ತಪ್ಪು ಕಚೇರಿಯಲ್ಲಿ ಸರಿಯಾದ ಪ್ರಶ್ನೆ ಕೇಳುತ್ತಾ ಕೂರುತ್ತೀರಿ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದ ಕೂಡಲೇ ಬ್ರಿಟಿಷ್ ನೌಕಾಪಡೆ ಟ್ರಾಲರುಗಳನ್ನು ದೊಡ್ಡ ಸಂಖ್ಯೆಯಲ್ಲಿ ಬಾಡಿಗೆಗೆ ತೆಗೆದುಕೊಂಡಿತು. ಕಾರಣ ಸರಳ. ತಳದಲ್ಲಿ ಭಾರವಾದ ಬಲೆ ಎಳೆಯುವ ಬೋಟಿಗೆ ಮೈನ್ ಗುಡಿಸುವ ತಂತಿ ಎಳೆಯುವುದು ಹೊಸದಲ್ಲ. ವಿಂಚ್ ಇದೆ, ಉಕ್ಕಿನ ಹಗ್ಗ ಇದೆ, ಅದನ್ನು ನಡೆಸುವ ಜನ ಇದ್ದಾರೆ. ಎರಡು ಟ್ರಾಲರುಗಳ ನಡುವೆ ತಂತಿ ಕಟ್ಟಿ ಸಮಾನಾಂತರವಾಗಿ ಹೋಗುವುದು, ಮೈನ್‌ನ ಸರಪಳಿ ಕತ್ತರಿಸುವುದು, ಮೇಲೆ ತೇಲಿ ಬಂದದ್ದನ್ನು ಗುಂಡು ಹೊಡೆದು ಮುಳುಗಿಸುವುದು ಇಲ್ಲವೇ ಸಿಡಿಸುವುದು. ಇದಕ್ಕಾಗಿ ಯುದ್ಧಕ್ಕೆ ಮುಂಚೆಯೇ ನೌಕಾಪಡೆಯ ಮೀಸಲು ಪಡೆಯಾದ ರಾಯಲ್ ನೇವಲ್ ರಿಸರ್ವ್‌ನಲ್ಲಿ (ಆರ್‌ಎನ್‌ಆರ್) ಟ್ರಾಲರ್ ವಿಭಾಗ ಮಾಡಿದ್ದರು. ಹಾಗೆ ಹೋದ ಮೀನುಗಾರ ಲೆಕ್ಕದಲ್ಲಿ ನೌಕಾಪಡೆಯ ಮನುಷ್ಯ. ಮೀನು ಹಿಡಿಯಲು ಉಳಿದವನು ನಾಗರಿಕ. ಇಬ್ಬರ ಕಾಗದಗಳೂ ಬೇರೆ ಬೇರೆ ದಾರಿ ಹಿಡಿದವು.

ಆದ್ದರಿಂದ ನಿಮ್ಮ ಮನೆಯ ಪದಕವನ್ನು ಬೆಳಕಿಗೆ ಹಿಡಿದು ಸರಿಯಾಗಿ ನೋಡಿ. ಸಣ್ಣದು, ಕಂಚಿನದು, ಹಿಂಬದಿಯಲ್ಲಿ ಅಲೆಗಳ ನಡುವೆ ಒಂದು ಹಡಗು, ಪಕ್ಕದಲ್ಲಿ ಮುಳುಗುತ್ತಿರುವ ಸಬ್‌ಮರೀನ್ ಇದ್ದರೆ ಅದು ಮರ್ಕೆಂಟೈಲ್ ಮರೀನ್ ವಾರ್ ಮೆಡಲ್. ರಿಬ್ಬನ್ ಉಳಿದಿದ್ದರೆ ಒಂದು ಕಡೆ ಹಸಿರು, ಇನ್ನೊಂದು ಕಡೆ ಕೆಂಪು, ನಡುವೆ ಬಿಳಿ ಗೆರೆ. ಅಂಚಿನಲ್ಲಿ ಹೆಸರು ಮಾತ್ರ ಇರುತ್ತದೆ. ಇದು ನಾಗರಿಕ ನಾವಿಕರಿಗೆ ಕೊಟ್ಟದ್ದು, ಮೀನುಗಾರರಿಗೂ ಕೊಟ್ಟರು. ಇದರ ಕಾರ್ಡುಗಳು ಕ್ಯೂನಲ್ಲಿ ‘ಬಿಟಿ 351’ ಸಾಲಿನಲ್ಲಿವೆ. ಬದಲಿಗೆ ಬೆಳ್ಳಿಯ ಪದಕವೊಂದು ಸಿಕ್ಕಿ, ಅಂಚಿನಲ್ಲಿ ಹೆಸರಿನ ಜೊತೆ ನಂಬರ್ ಮತ್ತು ‘ಆರ್‌ಎನ್‌ಆರ್’ ಇದ್ದರೆ ಅವರು ನೌಕಾಪಡೆಗೆ ಸೇರಿದ್ದರು ಎಂದರ್ಥ. ನಂಬರಿನ ಮುಂದಿನ ಅಕ್ಷರ ಕೆಲಸವನ್ನೂ ಹೇಳುತ್ತದೆ. ಡಿಎ ಅಂದರೆ ಡೆಕ್ಕಿನ ಕಲಾಸಿ, ಎಸ್‌ಎ ಅಂದರೆ ಸ್ಕಿಪ್ಪರನ (ಬೋಟಿನ ನಾಯಕ) ಕೆಳಗಿನವನು, ಇಎಸ್ ಅಂದರೆ ಇಂಜಿನ್ ನೋಡಿಕೊಳ್ಳುವವನು, ಟಿಎಸ್ ಅಂದರೆ ಕಲ್ಲಿದ್ದಲು ಸಾಗಿಸುವವನು. ಅವರ ಸೇವಾ ಕಾರ್ಡು ‘ಬಿಟಿ 377’ರಲ್ಲಿ ಸಿಗುತ್ತದೆ, ಮನೆಯಿಂದಲೇ ಡೌನ್‌ಲೋಡ್ ಮಾಡಿಕೊಳ್ಳಬಹುದು.

ನಿಮ್ಮಲ್ಲಿರುವುದು ಅಂಗೈಗಿಂತ ದೊಡ್ಡದಾದ ಗುಂಡನೆಯ ಕಂಚಿನ ಫಲಕವಾಗಿದ್ದು, ಅದರ ಮೇಲೆ ಹೆಂಗಸು ಮತ್ತು ಸಿಂಹದ ಚಿತ್ರ ಇದ್ದರೆ ಅದು ಪದಕವೇ ಅಲ್ಲ. ಸತ್ತವರ ಮನೆಗೆ ಸರ್ಕಾರ ಕಳಿಸಿದ ಸ್ಮರಣ ಫಲಕ. ಅದು ಮನೆಯಲ್ಲಿದೆ ಎಂದರೆ ಆ ಸಾವನ್ನು ಯುದ್ಧದ ಸಾವು ಎಂದು ಸರ್ಕಾರ ಒಪ್ಪಿತ್ತು. ಬಿರುಗಾಳಿಗೆ ಹೋದ ಮೀನುಗಾರಿಕೆ ಬೋಟಿನವರಿಗೆ ಅದು ಬರುತ್ತಿರಲಿಲ್ಲ.

ಸ್ಮಾರಕಗಳಲ್ಲೂ ಇದೇ ಗೆರೆ ಇದೆ. ಶತ್ರುವಿನ ಕೈಯಿಂದ ಸತ್ತು, ಸಮುದ್ರವೇ ಸಮಾಧಿಯಾದ ನಾಗರಿಕ ನಾವಿಕರು ಮತ್ತು ಮೀನುಗಾರರ ಹೆಸರು ಲಂಡನ್ನಿನ ಟವರ್ ಹಿಲ್ ಸ್ಮಾರಕದಲ್ಲಿದೆ. ಎಡ್ವಿನ್ ಲಟ್ಯೆನ್ಸ್ ವಿನ್ಯಾಸ ಮಾಡಿದ್ದು, 1928ರಲ್ಲಿ ಅನಾವರಣವಾಯಿತು. ನಮ್ಮ ದೆಹಲಿಯ ಇಂಡಿಯಾ ಗೇಟ್ ಕೂಡ ಅವರದ್ದೇ. ಮೊದಲ ಯುದ್ಧದ ಸುಮಾರು 12,000 ಹೆಸರುಗಳನ್ನು ಅಲ್ಲಿ ಹಡಗಿನ ಪ್ರಕಾರ ಕೆತ್ತಿದ್ದಾರೆ, ಹಾಗಾಗಿ ಬೋಟಿನ ಹೆಸರಿನ ಕೆಳಗೆ ಅವರ ಜೊತೆ ಹೋದವರೆಲ್ಲ ಒಟ್ಟಿಗೆ ಸಿಗುತ್ತಾರೆ. ನೌಕಾಪಡೆಗೆ ಸೇರಿದವರಾಗಿದ್ದರೆ ಚಾಟಮ್, ಪ್ಲಿಮತ್, ಪೋರ್ಟ್ಸ್‌ಮತ್ ಈ ಮೂರು ಊರುಗಳ ನೌಕಾ ಸ್ಮಾರಕಗಳಲ್ಲಿ ಒಂದರಲ್ಲಿ ಇರುತ್ತಾರೆ. ಎರಡೂ ಕಡೆಯವರನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಉಚಿತ ಪಟ್ಟಿಯಲ್ಲಿ ಹುಡುಕಬಹುದು. ಎಲ್ಲೂ ಸಿಗದಿದ್ದರೆ ಬೇಜಾರಾಗಬೇಡಿ, ಅದೂ ಒಂದು ಸುಳಿವು. ಮೀನು ಹಿಡಿಯಲು ಹೋದ ಬೋಟು ಬರೀ ಗಾಳಿಮಳೆಗೆ ಮುಳುಗಿತು ಎಂದು ಅಧಿಕಾರಿಗಳು ತೀರ್ಮಾನಿಸಿದ್ದರೆ ಆ ಪಟ್ಟಿಗೆ ಹೆಸರು ಹೋಗುತ್ತಿರಲಿಲ್ಲ.

1917 ಎಂದಿದ್ದೀರಿ, ಅದಕ್ಕೆ ಒಂದು ಎಚ್ಚರಿಕೆ. ಆ ವರ್ಷ ‘ಫಿಶರಿ ರಿಸರ್ವ್’ ಎಂಬ ವ್ಯವಸ್ಥೆ ಬಂತು. ಬೋಟುಗಳು ಮೀನನ್ನೇ ಹಿಡಿಯುತ್ತಿದ್ದವು, ಆದರೆ ನೌಕಾಪಡೆಯ ಹತೋಟಿಯಲ್ಲಿ, ಕೆಲವು ಬೋಟುಗಳ ಮೇಲೆ ತೋಪು ಇಟ್ಟುಕೊಂಡು, ಗುಂಪಾಗಿ ಹೋಗುತ್ತಿದ್ದವು. ಇಂಥ ಬೋಟಿನವರ ಕಾಗದ ಎರಡೂ ಕಡೆ ಇರಬಹುದು. ಪದಕ ಒಂದು ದಾರಿ ತೋರಿಸಿದರೂ ಇನ್ನೊಂದು ದಾರಿಯನ್ನೂ ಒಮ್ಮೆ ನೋಡಿಬಿಡಿ.

ಹೆಸರೇ ಬದಲಾದ ಬೋಟುಗಳೂ ಇದ್ದವು. ಲೋಸ್ಟಾಫ್ಟ್‌ನ ‘ನೆಲ್ಸನ್’ ಎಂಬ ಹಾಯಿ ಬೋಟು ಹೊರಗೆ ಸಾಧಾರಣ ಮೀನುಗಾರಿಕೆ ಬೋಟು, ಒಳಗೆ ಸಬ್‌ಮರೀನ್‌ಗೆ ಕಾದಿದ್ದ ತೋಪು. 1917ರ ಆಗಸ್ಟ್ 15ರಂದು ಮುಳುಗಿತು. ಅದರ ಸ್ಕಿಪ್ಪರ್ ಥಾಮಸ್ ಕ್ರಿಸ್ಪ್‌ಗೆ ಸತ್ತ ಮೇಲೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಬಂತು. ಅದೇ ಬೋಟಿಗೆ ಮೊದಲು ‘ಜಿ ಅಂಡ್ ಇ’ ಎಂಬ ಹೆಸರಿತ್ತು. ಗುರುತು ಸಿಗಬಾರದೆಂದೇ ಹೆಸರು ಬದಲಿಸುತ್ತಿದ್ದರು. ನಿಮ್ಮ ಬೋಟಿನ ಹೆಸರು ಒಂದು ವರ್ಷದ ಪಟ್ಟಿಯಲ್ಲಿದ್ದು ಮುಂದಿನದರಲ್ಲಿ ಮಾಯವಾಗಿದ್ದರೆ ಮುಳುಗಿತು ಎಂದು ಕೂಡಲೇ ತೀರ್ಮಾನಿಸಬೇಡಿ.

ಈಗ ಅತ್ತೆ ಮತ್ತು ಅವರ ಅಣ್ಣನ ಜಗಳ.

ಯುದ್ಧ ಮುಗಿದ ಮೇಲೆ, 1919ರಲ್ಲಿ, ಬ್ರಿಟಿಷ್ ಸರ್ಕಾರ ಮುಳುಗಿದ ಹಡಗುಗಳ ಅಧಿಕೃತ ಪಟ್ಟಿ ಅಚ್ಚು ಹಾಕಿಸಿತು. ಮೀನುಗಾರಿಕೆ ಬೋಟುಗಳಿಗೆ ಅದರಲ್ಲಿ ಪ್ರತ್ಯೇಕ ಭಾಗವಿದೆ. ದಿನಾಂಕ, ಜಾಗ, ಹೇಗೆ ಮುಳುಗಿತು, ಎಷ್ಟು ಜನ ಸತ್ತರು ಎಂದು ಪ್ರತಿ ಬೋಟಿಗೂ ಒಂದು ಸಾಲು. ನೌಕಾಪಡೆ ಬಾಡಿಗೆಗೆ ಪಡೆದವು ಬೇರೆ ಭಾಗದಲ್ಲಿವೆ. ಮೀನುಗಾರಿಕೆ ಭಾಗದ ಒಟ್ಟು ಲೆಕ್ಕ ನೋಡಿ: 675 ಬೋಟುಗಳು, 434 ಸಾವು. ಬೋಟಿಗೆ ಒಂದು ಜೀವವೂ ಇಲ್ಲ! ಸ್ಟೀಮ್ ಟ್ರಾಲರಿನಲ್ಲಿ ಒಂಬತ್ತು ಹತ್ತು ಜನ ಇರುತ್ತಿದ್ದರು, ಸಣ್ಣ ಹಾಯಿ ಬೋಟಿನಲ್ಲಿ ಐದು. ಹಾಗಾದರೆ ಹೆಚ್ಚಿನವರು ಬದುಕಿ ಬಂದರು ಎಂದಾಯಿತು.

ಏಕೆಂದರೆ ಸಬ್‌ಮರೀನ್ ಮೀನುಗಾರಿಕೆ ಬೋಟಿನ ಮೇಲೆ ಟಾರ್ಪೆಡೊ ಹಾಳು ಮಾಡುತ್ತಿದ್ದುದು ಅಪರೂಪ. ಮೇಲೆ ಬಂದು, ಒಂದು ಗುಂಡು ಹಾರಿಸಿ ನಿಲ್ಲಿಸುತ್ತಿತ್ತು. ಜನರನ್ನು ಸಣ್ಣ ದೋಣಿಗೆ ಇಳಿಸಿ, ಬೋಟಿನಲ್ಲಿ ಬಾಂಬ್ ಇಟ್ಟು ಮುಳುಗಿಸುತ್ತಿತ್ತು. 1916ರ ಸೆಪ್ಟೆಂಬರ್ 24ರ ರಾತ್ರಿಯಿಂದ ಮರುದಿನದೊಳಗೆ ಯು-57 ಎಂಬ ಒಂದೇ ಸಬ್‌ಮರೀನ್ ಇಂಗ್ಲೆಂಡಿನ ಈಶಾನ್ಯ ತೀರದಾಚೆ ಹತ್ತಕ್ಕೂ ಹೆಚ್ಚು ಟ್ರಾಲರುಗಳನ್ನು ಮುಳುಗಿಸಿತು. ಸ್ಕಾರ್ಬರೋದ ಟ್ರಾಲರ್ ಮೀನುಗಾರಿಕೆಗೆ ಅದೊಂದು ದೊಡ್ಡ ಪೆಟ್ಟು. ಆದರೆ ಜನರನ್ನು ಮೊದಲು ಇಳಿಸಿದ್ದರು. ಎಲ್ಲ ಸಬ್‌ಮರೀನ್‌ಗಳೂ ಇಷ್ಟು ಸಜ್ಜನವಾಗಿರಲಿಲ್ಲ, 1917ರ ಹೊತ್ತಿಗೆ ಯುದ್ಧ ಇನ್ನಷ್ಟು ಕ್ರೂರವಾಗಿತ್ತು. ಆದರೂ ಸಬ್‌ಮರೀನ್ ಮೇಲೆ ಬಂದು ಮುಳುಗಿಸಿದ್ದರೆ ಯಾರಾದರೂ ಒಬ್ಬರು ಬದುಕಿ ಹೇಳಿಕೆ ಕೊಟ್ಟಿರುವ ಸಾಧ್ಯತೆ ಜಾಸ್ತಿ. ಒಬ್ಬರೂ ವಾಪಸ್ ಬಂದಿಲ್ಲ, ಅಕ್ಕಪಕ್ಕದ ಬೋಟಿನವರೂ ಏನೂ ನೋಡಿಲ್ಲ ಎಂದರೆ ನನ್ನ ಅನುಮಾನ ಮೊದಲು ಹೋಗುವುದು ಮೈನ್ ಕಡೆಗೆ, ಆಮೇಲೆ ಬಿರುಗಾಳಿ ಕಡೆಗೆ. ಮೈನ್ ಸಿಡಿದರೆ ಟ್ರಾಲರ್ ನಿಮಿಷದೊಳಗೆ ಹೋಗಬಹುದು. ಕೆಲವೊಮ್ಮೆ ಬಲೆಯೇ ಮೈನನ್ನು ಎತ್ತಿ ಬೋಟಿನ ಪಕ್ಕಕ್ಕೆ ತರುತ್ತಿತ್ತು.

ಹಾಗೆಂದು ಅತ್ತೆ ಸೋತರು ಎಂದುಕೊಳ್ಳಬೇಡಿ. ಜರ್ಮನ್ನರ ಬಳಿ ಮೈನ್ ಇಡುವುದಕ್ಕೆಂದೇ ಕಟ್ಟಿದ ಸಬ್‌ಮರೀನ್‌ಗಳಿದ್ದವು. ಯುಸಿ ಎಂದು ಅವುಗಳ ಹೆಸರು ಶುರುವಾಗುತ್ತದೆ. 1917ರಲ್ಲಿ ಓಡಾಡುತ್ತಿದ್ದ ಯುಸಿ-2 ವರ್ಗದವು ಒಂದೊಂದೂ 18 ಮೈನ್ ಹೊತ್ತು ಬರುತ್ತಿದ್ದವು. ಹಂಬರ್ ನದಿಮುಖ, ಫ್ಲಾಂಬರೋ ಹೆಡ್ ಮುಂತಾದ, ಗ್ರಿಮ್ಸ್‌ಬಿಯ ಬೋಟುಗಳು ದಿನಾ ಹೋಗಿಬರುವ ದಾರಿಯಲ್ಲೇ ಇಟ್ಟು ಹೋಗುತ್ತಿದ್ದವು. ಸಬ್‌ಮರೀನ್ ತನ್ನ ಊರು ಸೇರಿ ಎಷ್ಟೋ ದಿನಗಳಾದ ಮೇಲೆ ಮೈನ್ ಸಿಡಿಯುತ್ತಿತ್ತು. ಹಾಗಾಗಿ ‘ಸಬ್‌ಮರೀನ್ ಮುಳುಗಿಸಿತು’, ‘ಮೈನ್ ತಗುಲಿತು’ ಎಂಬ ಎರಡು ಮಾತೂ ಒಂದೇ ಸಾವಿನ ಬಗ್ಗೆ ನಿಜವಾಗಿರಬಹುದು. ಯುಬೋಟ್ ಡಾಟ್ ನೆಟ್ ಎಂಬ ತಾಣದಲ್ಲಿ ಮೊದಲ ಯುದ್ಧದ ಹಡಗುಗಳ ವಿಭಾಗವಿದೆ. ಬೋಟಿನ ಹೆಸರು ಹಾಕಿದರೆ ಯಾವ ಸಬ್‌ಮರೀನ್ ಇಟ್ಟ ಮೈನ್ ಎಂದು ಎಷ್ಟೋ ಸಲ ಹೇಳುತ್ತದೆ.

ಅಲ್ಲಿ ಬರೆದದ್ದು ಸಾಕ್ಷ್ಯಗಳನ್ನು ಕೂಡಿಸಿ ಮಾಡಿದ ತೀರ್ಮಾನ ಎಂಬುದು ನೆನಪಿರಲಿ. ಮೂಲ ಬೇಕಿದ್ದರೆ ಸಬ್‌ಮರೀನ್‌ಗಳ ಯುದ್ಧ ಡೈರಿಗಳು ಜರ್ಮನಿಯ ಫ್ರೈಬುರ್ಗ್‌ನ ಮಿಲಿಟರಿ ಆರ್ಕೈವ್ಸ್‌ನಲ್ಲಿವೆ. ಓದುವಾಗ ಗಡಿಯಾರದ ಬಗ್ಗೆ ಹುಷಾರಾಗಿರಿ, ಅವರದ್ದು ಬ್ರಿಟಿಷರಿಗಿಂತ ಒಂದು ಗಂಟೆ ಮುಂದೆ. ಮಧ್ಯರಾತ್ರಿಯ ಆಸುಪಾಸಿನ ಘಟನೆಯಾದರೆ ತಾರೀಖೇ ಬದಲಾಗುತ್ತದೆ. ಕಾಣೆಯಾದ ಬೋಟಿನ ವಿಷಯದಲ್ಲಿ ತಾರೀಖು ಇನ್ನೂ ಜಾರುತ್ತದೆ. ಒಂದು ಪಟ್ಟಿ ದಕ್ಕೆಯಿಂದ ಹೊರಟ ದಿನ ಬರೆದಿರುತ್ತದೆ, ಇನ್ನೊಂದು ಕೊನೆಗೆ ಕಂಡ ದಿನ, ಮತ್ತೊಂದು ‘ಸತ್ತಿರಬೇಕು’ ಎಂದು ಘೋಷಿಸಿದ ದಿನ. ಮೂರು ತಾರೀಖು ಸಿಕ್ಕಿದ ಮಾತ್ರಕ್ಕೆ ಮೂರು ಬೋಟು ಎಂದು ಗಾಬರಿಯಾಗಬೇಡಿ.

ಸುದ್ದಿ ಇಲ್ಲದ ಜಾಗದಲ್ಲಿ ಕಥೆ ಹುಟ್ಟುತ್ತದೆ ಎಂದು ಮಲ್ಪೆಯವರಿಗೆ ಹೇಳಬೇಕಾಗಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಜನರ ಸಮೇತ ಕಾಣೆಯಾಯಿತು. ಮರುವರ್ಷ ಮೇ ತಿಂಗಳಲ್ಲಿ ಮಾಲ್ವಣ್ ಹತ್ತಿರ ಅದರ ಅವಶೇಷ ನೌಕಾಪಡೆಗೆ ಸಿಗುವವರೆಗೆ ಎಷ್ಟು ಊಹೆ ಓಡಾಡಿದವು ನೋಡಿ. 1917ರಲ್ಲಿ ಸೆನ್ಸಾರ್ ಬೇರೆ ಇತ್ತು. ಬೋಟು ಎಲ್ಲಿ ಹೇಗೆ ಮುಳುಗಿತು ಎಂದು ಪತ್ರಿಕೆಗಳು ಇಷ್ಟಬಂದಂತೆ ಬರೆಯುವ ಹಾಗಿರಲಿಲ್ಲ. ಅದಕ್ಕೇ ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಹುಡುಕುವಾಗ ಮುಳುಗಿದ ವಾರದ ಸುದ್ದಿಯನ್ನಷ್ಟೇ ನೋಡಿ ನಿಲ್ಲಿಸಬೇಡಿ. ಮುಂದಿನ ವರ್ಷ ಅದೇ ತಾರೀಖಿನ ಆಸುಪಾಸಿನಲ್ಲಿ ಮನೆಯವರು ಹಾಕಿಸಿದ ಶ್ರದ್ಧಾಂಜಲಿ ಸಾಲುಗಳನ್ನು ನೋಡಿ. ಸುದ್ದಿಯಲ್ಲಿ ಇಲ್ಲದ ಬೋಟಿನ ಹೆಸರು, ಬೀದಿಯ ಹೆಸರು, ಮಕ್ಕಳ ಹೆಸರು ಅಲ್ಲಿರುತ್ತವೆ.

1914ರಲ್ಲಿ ಕಾಣೆಯಾದವರನ್ನು ಹುಡುಕುತ್ತಿರುವ ಬೇರೆ ಓದುಗರಿಗೆ ಒಂದು ಮಾತು. ಆ ವರ್ಷದ ಆಗಸ್ಟ್‌ನಲ್ಲಿ ಜರ್ಮನ್ ಯುದ್ಧನೌಕೆಗಳು ಗ್ರಿಮ್ಸ್‌ಬಿ ಮತ್ತು ಇಂಗ್ಲೆಂಡಿನದೇ ಆದ ಬಾಸ್ಟನ್ ಬಂದರುಗಳ ಹಲವು ಟ್ರಾಲರುಗಳನ್ನು ಮುಳುಗಿಸಿ ಜನರನ್ನು ಸೆರೆ ಹಿಡಿದವು. ಅವರಲ್ಲಿ ಅನೇಕರು ಬರ್ಲಿನ್ ಹತ್ತಿರದ ರೂಲೆಬೆನ್ ಶಿಬಿರದಲ್ಲಿ ಯುದ್ಧ ಕಳೆದರು. ರೆಡ್ ಕ್ರಾಸ್‌ನ ಕೈದಿಗಳ ಕಾರ್ಡುಗಳನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ನೋಡಬಹುದು.

ಮುತ್ತಜ್ಜ ನಿಜವಾಗಿ ಆ ಬೋಟಿನಲ್ಲಿದ್ದರು ಎಂದು ತೋರಿಸುವುದು ಸಿಬ್ಬಂದಿ ಪಟ್ಟಿ. ಮೀನುಗಾರಿಕೆ ಬೋಟುಗಳಿಗೆ ಆರು ತಿಂಗಳಿಗೊಂದು ಪಟ್ಟಿ ಇರುತ್ತಿತ್ತು. ಹೆಸರು, ವಯಸ್ಸು, ಹುಟ್ಟಿದ ಊರು, ಹಿಂದೆ ಕೆಲಸ ಮಾಡಿದ ಬೋಟು ಎಲ್ಲ ಇರುತ್ತದೆ. 1914ರವರೆಗಿನ ಗ್ರಿಮ್ಸ್‌ಬಿ ಪಟ್ಟಿಗಳು ಅದೇ ಊರಿನ ನಾರ್ತ್ ಈಸ್ಟ್ ಲಿಂಕನ್‌ಶೈರ್ ಆರ್ಕೈವ್ಸ್‌ನಲ್ಲಿವೆ, ಲೀಡ್ಸ್‌ನಿಂದ ಒಂದು ದಿನದಲ್ಲಿ ಹೋಗಿಬರಬಹುದು. ಮುಂಚೆಯೇ ಬರೆದು ಸಮಯ ಗೊತ್ತು ಮಾಡಿಕೊಳ್ಳಿ. ಮೀನುಗಾರಿಕೆ ಕಲಿಯಲು ಬಂದ ಹುಡುಗರ ರಿಜಿಸ್ಟರೂ ಅಲ್ಲೇ ಕೇಳಿ. ಗ್ರಿಮ್ಸ್‌ಬಿಗೆ ಬೇರೆ ಊರುಗಳ ಅನಾಥಾಲಯ, ಬಡವರ ಶಾಲೆಗಳಿಂದ ಎಷ್ಟೋ ಹುಡುಗರನ್ನು ಕಳಿಸುತ್ತಿದ್ದರು. ಮುತ್ತಜ್ಜನ ಹುಟ್ಟು ಗ್ರಿಮ್ಸ್‌ಬಿಯಲ್ಲಿ ಸಿಗದಿದ್ದರೆ ಕಾರಣ ಇದಿರಬಹುದು.

1915ರ ಪಟ್ಟಿಗಳನ್ನು ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂ ಮತ್ತು ನ್ಯಾಷನಲ್ ಆರ್ಕೈವ್ಸ್ ಸೇರಿ ಸ್ವಯಂಸೇವಕರಿಂದ ಆನ್‌ಲೈನ್‌ಗೆ ಹಾಕಿಸಿವೆ. ಅದರಲ್ಲಿ ಹೆಸರಿನಿಂದಲೂ ಹುಡುಕಬಹುದು. ಇದನ್ನು ಇವತ್ತು ರಾತ್ರಿಯೇ ಮಾಡಿ, ಕಾಸು ಖರ್ಚಿಲ್ಲ. ಎರಡು ವರ್ಷದ ಹಿಂದಿನ ಪಟ್ಟಿಯಾದರೂ ವಯಸ್ಸು ಮತ್ತು ಹುಟ್ಟೂರು ಸಿಕ್ಕರೆ ನೂರಾರು ಜನರಲ್ಲಿ ನಿಮ್ಮವರು ಯಾರೆಂದು ಗೊತ್ತಾಗುತ್ತದೆ. ವಯಸ್ಸು ಒಂದೆರಡು ವರ್ಷ ಹೆಚ್ಚುಕಮ್ಮಿ ಇದ್ದರೆ ಬಿಡಬೇಡಿ, ಮೀನುಗಾರರು ಬಾಯಲ್ಲಿ ಹೇಳಿದ್ದನ್ನು ಗುಮಾಸ್ತ ಬರೆದುಕೊಳ್ಳುತ್ತಿದ್ದ.

1917ರ ಪಟ್ಟಿಗಳದ್ದೇ ಪೇಚು. ಶೇಕಡಾ 10ರಷ್ಟನ್ನು ಮಾತ್ರ ಕ್ಯೂನಲ್ಲಿ ‘ಬಿಟಿ 99’ ಎಂದು ಇಟ್ಟುಕೊಂಡರು. ಉಳಿದವುಗಳಲ್ಲಿ ಹೆಚ್ಚಿನವು ಅಟ್ಲಾಂಟಿಕ್ ದಾಟಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ಗೆ ಹೋದವು. ಅಲ್ಲಿನ ಮೆಮೋರಿಯಲ್ ಯೂನಿವರ್ಸಿಟಿಯ ಮ್ಯಾರಿಟೈಮ್ ಹಿಸ್ಟರಿ ಆರ್ಕೈವ್‌ನಲ್ಲಿವೆ. ಎಸೆದುಬಿಡಬೇಕೆಂದಿದ್ದ ರಾಶಿಯನ್ನು ಅವರು ಉಳಿಸಿಕೊಂಡರು, ಪುಣ್ಯಾತ್ಮರು. ಜೋಡಿಸಿರುವುದು ಅಫಿಶಿಯಲ್ ನಂಬರಿನ ಪ್ರಕಾರ. ಅದಿಲ್ಲದೆ ಬರೀ ಮುತ್ತಜ್ಜನ ಹೆಸರು ಬರೆದು ಕೇಳಿದರೆ ಅವರೂ ಏನೂ ಮಾಡಲಾರರು. ನಂಬರ್ ಬರೆದು 1917ರ ಎರಡೂ ಅರ್ಧವರ್ಷದ ಪಟ್ಟಿ ಕೇಳಿ, 1916ರ ಕೊನೆಯದನ್ನೂ ಸೇರಿಸಿ. ಪ್ರತಿ ಕಳಿಸಲು ಶುಲ್ಕ ಇದೆ.

ಬೋಟು ಈಗ ತಳದಲ್ಲಿ ಎಲ್ಲಿದೆ ಎಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಬ್ರಿಟನ್ನಿನ ಹೈಡ್ರೋಗ್ರಾಫಿಕ್ ಆಫೀಸ್ ಬಳಿ ಮುಳುಗಿದ ಹಡಗುಗಳ ದಾಖಲೆ ಇದೆ. ಆದರೆ ಉತ್ತರ ಸಮುದ್ರದ ತಳದಲ್ಲಿ ಒಂದೇ ಅಳತೆಯ ಟ್ರಾಲರುಗಳು ಅನೇಕ ಇವೆ, ಹೆಸರಿಲ್ಲದವೂ ಇವೆ. ಬಿಟಿ 110ರಲ್ಲಿ ಉದ್ದ, ಅಗಲ, ಇಂಜಿನ್ ವಿವರ ಸಿಕ್ಕ ಮೇಲೆ ಮಾತ್ರ ಹೋಲಿಸಿ ನೋಡುವುದರಲ್ಲಿ ಅರ್ಥವಿದೆ.

ಪದಕದ ಎರಡೂ ಬದಿ, ಅಂಚು, ಮತ್ತು ಫೋಟೋದ ಹಿಂಭಾಗದ ಸ್ಪಷ್ಟ ಚಿತ್ರ ಕಳಿಸಿದರೆ ಅವರು ನೌಕಾಪಡೆಯ ಕಡೆಯೋ ಮೀನುಗಾರಿಕೆಯ ಕಡೆಯೋ ಎಂಬುದನ್ನು ನಾನೂ ನೋಡಿ ಹೇಳುತ್ತೇನೆ. ಪದಕವನ್ನು ದಯವಿಟ್ಟು ತಿಕ್ಕಿ ತೊಳೆಯಬೇಡಿ, ಅಂಚಿನ ಅಕ್ಷರಗಳು ಸವೆದುಹೋಗುತ್ತವೆ.